ಆ ಒಂಬತ್ತು ವರ್ಷ

ನಿನ್ನೆ ರಾತ್ರಿ 1939ರ ಹಾಲಿವುಡ್ ಕೌಬಾಯ್ ಸಿನಿಮಾ 'ಸ್ಟೇಜ್‌ಕೋಚ್' ಮತ್ತೆ ನೋಡಿದೆ. ನಾಯಕ ನಟ ಜಾನ್ ವೇಯ್ನ್ ಮೊದಲ ಸಲ ಕಾಣಿಸಿಕೊಳ್ಳುವ ಜಾಗವನ್ನು ಮೂರು ಬಾರಿ ಹಿಂದಕ್ಕೆ ಓಡಿಸಿ ನೋಡಿದೆ. ಒಂದು ಕೈಯಲ್ಲಿ ಕುದುರೆಯ ಜೀನು, ಇನ್ನೊಂದರಲ್ಲಿ ರೈಫಲ್. ಅದನ್ನು ಗಿರ್ರನೆ ಒಂದು ಸುತ್ತು ತಿರುಗಿಸುತ್ತಾನೆ. ಕ್ಯಾಮೆರಾ ಅವನ ಹತ್ತಿರಕ್ಕೆ ನುಗ್ಗುತ್ತದೆ, ದಾರಿಯಲ್ಲಿ ಒಂದು ಕ್ಷಣ ಮಸುಕಾಗುತ್ತದೆ, ಆಮೇಲೆ ಬೆವರಿದ ಆ ಮುಖ. ಮೈ ಜುಮ್ಮೆನ್ನುತ್ತದೆ.

ತುಂಬಾ ದಿನ ಇದೇ ಅವನ ಮೊದಲ ಸಿನಿಮಾ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಫಾಕ್ಸ್ ಸ್ಟುಡಿಯೋದಲ್ಲಿ ಸೆಟ್ಟಿನ ಸಾಮಾನು ಹೊರುತ್ತಿದ್ದ ಮೇರಿಯನ್ ಮಾರಿಸನ್ ಅನ್ನೋ ಹುಡುಗನೇ ಈ ಜಾನ್ ವೇಯ್ನ್, 1930ರಲ್ಲೇ 'ದಿ ಬಿಗ್ ಟ್ರೇಲ್'ಗೆ ನಾಯಕ. ಆಗ ಅವನಿಗೆ 23. ಅದನ್ನು ಅಗಲ ಪರದೆಗೆಂದು 70 ಎಂ.ಎಂ. ಫಿಲ್ಮ್‌ನಲ್ಲೂ ತೆಗೆದಿದ್ದರು! ಆದರೆ ಅಷ್ಟು ಅಗಲದ ಪರದೆ ಇದ್ದ ಥಿಯೇಟರ್‌ಗಳು ಬೆರಳೆಣಿಕೆಯಷ್ಟು, ಜೊತೆಗೆ ಜನರ ಕೈಯಲ್ಲಿ ದುಡ್ಡಿಲ್ಲದ ಕಾಲ. ಚಿತ್ರ ಮಕಾಡೆ ಮಲಗಿತು.

ಆಮೇಲೆ ಸುಮಾರು ಒಂಬತ್ತು ವರ್ಷ ಜಾಸ್ತಿ ಮಾಡಿದ್ದು ಸಣ್ಣ ಬಜೆಟ್ಟಿನ, ಒಂದೇ ಗಂಟೆಯ ಕೌಬಾಯ್ ಚಿತ್ರಗಳು. 1933ರ ಒಂದರಲ್ಲಿ ಹಾಡುವ ಕೌಬಾಯ್ ಕೂಡ ಆದ, ಹಾಡಿನ ದನಿ ಮಾತ್ರ ಬೇರೆಯವರದು. ಸ್ಟಂಟ್‌ಗಳಿಗೆ ಯಾಕಿಮಾ ಕನಟ್ ಜೊತೆಗಿದ್ದ. ಮುಂದೆ 'ಸ್ಟೇಜ್‌ಕೋಚ್'ನಲ್ಲಿ ಓಡುವ ಕುದುರೆಗಳ ಮೇಲೆ ವೇಯ್ನ್ ಬದಲು ಹಾರಿದವನೂ ಅವನೇ.

ಆ ರೈಫಲ್ ತಿರುಗಿಸುವ ಸಲೀಸು ಸುಮ್ನೆ ಬಂದದ್ದಲ್ಲ ಅಲ್ವಾ? ಈ ಭಾನುವಾರ ಆ ಒಂದು ಗಂಟೆಯ ಚಿತ್ರಗಳಲ್ಲಿ ಎರಡನ್ನಾದರೂ ನೋಡಬೇಕು.