ಇಷ್ಟೊಂದು ಪ್ಯಾಕೇಜ್ ಯಾಕೆ, ಟ್ಯಾಬ್‌ಗೆಲ್ಲ ಜಗಳ ಯಾಕೆ?

ನಾನು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಬಳಸುತ್ತೇನೆ ಎಂದು ಗೊತ್ತಾದವರು ಎರಡು ಪ್ರಶ್ನೆ ಕೇಳುತ್ತಾರೆ. ಒಂದು: “ಪಿಡಿಎಫ್ ಓದೋಕೆ ಓಕ್ಯುಲರ್ ಹಾಕೋಣ ಅಂತ ಹೊರಟೆ. ಪರದೆ ತುಂಬ ಪ್ಯಾಕೇಜ್ ಪಟ್ಟಿ ಬಂತು. ಇಷ್ಟೆಲ್ಲ ಬೇಕಾ?” ಇನ್ನೊಂದು: “ನಿಮ್ಮವರು ಕೋಡಿನ ಸಾಲನ್ನು ಒಳಕ್ಕೆ ಸರಿಸೋಕೆ ಟ್ಯಾಬ್ ಒತ್ತಬೇಕೋ ಸ್ಪೇಸ್ ಒತ್ತಬೇಕೋ ಅಂತ ವರ್ಷಗಟ್ಟಲೆ ಜಗಳ ಆಡ್ತಾರಂತಲ್ಲ, ಯಾಕೆ?”

ನನ್ನ ಪ್ರಕಾರ ಇವೆರಡೂ ಒಂದೇ ಪ್ರಶ್ನೆ. ಬೇರೆಯವರು ಬರೆದ ಕೋಡನ್ನು ನಂಬಿಕೊಂಡು ನಾವು ಕೆಲಸ ಮಾಡುತ್ತೇವೆ. ಆ ಕೋಡನ್ನು ಯಾರಾದರೂ ಕಣ್ಣಿಟ್ಟು ಓದುತ್ತಿದ್ದಾರಾ? ನನಗೆ ಮುಖ್ಯ ಅನಿಸುವುದು ಅದು.

ಮೊದಲು ಓಕ್ಯುಲರ್ ವಿಷಯ. ಅದು ಕೆಡಿಇ ಬಳಗದ ಪ್ರೋಗ್ರಾಂ. ಕೆಡಿಇ, ಗ್ನೋಮ್ ಎರಡೂ ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳು. ನಿಮ್ಮ ಯಂತ್ರದಲ್ಲಿ ಗ್ನೋಮ್ ಇದ್ದರೆ ಕೆಡಿಇಯ ಲೈಬ್ರರಿಗಳು (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಎಲ್ಲವೂ ಒಟ್ಟಿಗೆ ಬರುತ್ತವೆ. ಮುಂದೆ ಇನ್ನೊಂದು ಕೆಡಿಇ ಪ್ರೋಗ್ರಾಂ ಹಾಕಿದರೆ ಅಷ್ಟು ಬರುವುದಿಲ್ಲ, ಇರುವುದನ್ನೇ ಹಂಚಿಕೊಳ್ಳುತ್ತದೆ. ಆ ಪಟ್ಟಿಯಲ್ಲಿ ಇರಲೇಬೇಕಾದವೂ ಇರುತ್ತವೆ, ಇದ್ದರೆ ಒಳ್ಳೆಯದು ಅನ್ನುವಂಥವೂ ಇರುತ್ತವೆ. ಎರಡನೆಯ ಗುಂಪು ಬೇಡ ಎಂದು ಪ್ಯಾಕೇಜ್ ಹಾಕಿಕೊಡುವ ಆಪ್ಟ್‌ಗೆ ಹೇಳಬಹುದು. ಡೇಟಾ ಕಡಿಮೆ ಇರುವ ಕಡೆ ನಾನೂ ಹಾಗೇ ಮಾಡುತ್ತೇನೆ.

ಹಂಚಿಕೊಳ್ಳುವುದರಿಂದ ಜಾಗ ಉಳಿಯುತ್ತದೆ, ಆದರೆ ದೊಡ್ಡ ಲಾಭ ಬೇರೆ ಇದೆ. 2014ರ ಏಪ್ರಿಲ್‌ನಲ್ಲಿ, ಜಾಲದ ಸಂವಹನವನ್ನು ಗುಟ್ಟಾಗಿಡುವ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಹೊರಬಿತ್ತು. ಡೆಬಿಯನ್‌ನಂಥ ವ್ಯವಸ್ಥೆಯಲ್ಲಿ ಒಂದು ಲೈಬ್ರರಿ ಅಪ್‌ಡೇಟ್ ಮಾಡಿ, ಅದನ್ನು ಬಳಸುವ ಸೇವೆಗಳನ್ನು ಮತ್ತೆ ಶುರು ಮಾಡಿದರೆ ತೂತು ಮುಚ್ಚಿತು. ಕದ್ದುಹೋಗಿರಬಹುದಾದ ಕೀಲಿಗಳನ್ನು ಬದಲಿಸುವ ಕೆಲಸ ಆಮೇಲಿನದು. ಪ್ರತಿಯೊಂದು ಪ್ರೋಗ್ರಾಂ ತನ್ನ ಹೊಟ್ಟೆಯೊಳಗೆ ಒಂದೊಂದು ಪ್ರತಿ ಇಟ್ಟುಕೊಂಡಿದ್ದರೆ ಅವನ್ನೆಲ್ಲ ಹುಡುಕಿ ಹುಡುಕಿ ಸರಿ ಮಾಡಬೇಕಿತ್ತು.

“ಹಾಗಾದರೂ ಕಡಿಮೆ ಇದ್ದಷ್ಟೂ ಒಳ್ಳೇದಲ್ವಾ?” ಎಂದು ಕೇಳುವವರಿದ್ದಾರೆ. ನಾನೂ ಕೆಲವು ವರ್ಷ ಹಾಗೇ ನಂಬಿದ್ದೆ. ಆಗ ಪರದೆಯ ಕಿಟಕಿಗಳನ್ನು ಜೋಡಿಸುವ, ಡಿಡಬ್ಲ್ಯೂಎಂ ಎಂಬ ವಿಂಡೋ ಮ್ಯಾನೇಜರ್ ಬಳಸುತ್ತಿದ್ದೆ. ಅದರ ಕೋಡ್ 2,000 ಸಾಲು ದಾಟಬಾರದು ಎನ್ನುವುದು ಅದನ್ನು ಬರೆದವರ ಪಣ. ಒಂದು ಸಂಜೆ ಕೂತು ಪೂರ್ತಿ ಓದಬಹುದು. ಆ ಓದಿನ ಖುಷಿ ಇವತ್ತಿಗೂ ನೆನಪಿದೆ.

ಒಂದು ದಿನ ಅಪ್ಪನಿಗಾಗಿ ಒಂದು ಅರ್ಜಿ ಬರೆಯುತ್ತಿದ್ದೆ. ಫೈಲಿನ ಹೆಸರೂ “ಅರ್ಜಿ”. ಲಿಬ್ರೆಆಫೀಸ್ ಒಳಗೆ ಅಕ್ಷರ ಮುದ್ದಾಗಿ ಕಾಣುತ್ತಿತ್ತು. ಎರಡು ಬೆರಳು ಮೇಲೆ, ಫೈಲಿನ ಹೆಸರು ತೋರಿಸುವ ಡಿಡಬ್ಲ್ಯೂಎಂ ಪಟ್ಟಿಯಲ್ಲಿ ಅದೇ ಪದ ಒಡೆದು ಬಿದ್ದಿತ್ತು. ಅ, ಆಮೇಲೆ ರ, ಪಕ್ಕದಲ್ಲಿ ಬಿಡಿಯಾಗಿ ನಿಂತ ಹಲಂತ, ಆಮೇಲೆ ಜ, ಅದರಾಚೆ ಒಂಟಿ ಗುಡಿಸು. ಕಂಪ್ಯೂಟರಿನಲ್ಲಿ “ಅರ್ಜಿ” ಉಳಿಯುವುದು ಹಾಗೇ, ಬಿಡಿಬಿಡಿಯಾಗಿ. ರ ಮತ್ತು ಹಲಂತವನ್ನು ಸೇರಿಸಿ ಅರ್ಕಾವತ್ತು ಮಾಡಬೇಕು, ಅದನ್ನು ಎತ್ತಿ ಜಿ ಆದ ಮೇಲೆ ಕೂರಿಸಬೇಕು. ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಡಿಡಬ್ಲ್ಯೂಎಂ ಅದನ್ನು ಬಳಸುವುದಿಲ್ಲ.

ಇಂಗ್ಲಿಷ್ ಮಾತ್ರ ಬರೆಯುವವರಿಗೆ ಹಾರ್ಫ್‌ಬಜ್ ಹೆಚ್ಚಿನ ಹೊರೆ ಅನಿಸಬಹುದು. ನನಗೆ ಅದು ನನ್ನ ಒತ್ತಕ್ಷರ. ಕನ್ನಡ, ಅರೇಬಿಕ್, ಖಮೇರ್ ಬರೆಯುವವರು ಒಂದೇ ಲೈಬ್ರರಿಯನ್ನು ನೆಚ್ಚಿಕೊಂಡಿದ್ದೇವೆ, ಅದನ್ನು ಒಂದೇ ಕಡೆ ತಿದ್ದಿದರೆ ಎಲ್ಲರಿಗೂ ಸಿಗುತ್ತದೆ. ಅವತ್ತಿನಿಂದ ನಾನು ಪ್ಯಾಕೇಜ್ ಲೆಕ್ಕ ಹಾಕುವುದನ್ನು ಬಿಟ್ಟೆ.

ಹಾಗಂತ ಭಯಪಡುವುದೇ ಬೇಡ ಎನ್ನುತ್ತಿಲ್ಲ. 2016ರ ಮಾರ್ಚ್‌ನಲ್ಲಿ ಒಬ್ಬ ಪ್ರೋಗ್ರಾಮರ್ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಿಂದ ತಮ್ಮ ಪ್ಯಾಕೇಜ್‌ಗಳನ್ನೆಲ್ಲ ತೆಗೆದುಹಾಕಿದರು. ಅದರಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಕೋಡ್ ಇತ್ತು. ಅದನ್ನು ನೆಚ್ಚಿದ್ದ ಎಷ್ಟೋ ಪ್ರಾಜೆಕ್ಟ್‌ಗಳು ಬಿಲ್ಡ್ ಆಗದೆ ನಿಂತವು. ಹನ್ನೊಂದು ಸಾಲನ್ನು ನಾವೇ ಬರೆದುಕೊಳ್ಳಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ.

ನನಗೆ ನಿದ್ದೆ ಕೆಡಿಸಿದ್ದು ಎಕ್ಸ್‌ಝಡ್. ಫೈಲ್ ಕುಗ್ಗಿಸುವ ಸಣ್ಣ ಪ್ರಾಜೆಕ್ಟ್ ಅದು. ವರ್ಷಗಳ ಕಾಲ ಹೆಚ್ಚುಕಡಿಮೆ ಒಬ್ಬರೇ, ಲಾಸೆ ಕೊಲಿನ್, ನೋಡಿಕೊಳ್ಳುತ್ತಿದ್ದರು. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು 2022ರಲ್ಲಿ ಅವರೇ ಬರೆದಿದ್ದರು. “ಜಿಯಾ ಟಾನ್” ಎಂಬ ಹೆಸರಿನವರು ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟರು. ಗುರಿ ಇದ್ದದ್ದು ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಮೇಲೆ.

ಆದರೆ ಓಪನ್‌ಎಸ್‌ಎಸ್‌ಎಚ್‌ಗೆ ಎಕ್ಸ್‌ಝಡ್ ಬೇಕೇ ಇಲ್ಲ! “ನಾನು ಎದ್ದಿದ್ದೇನೆ” ಎಂದು ಅದು ಸಿಸ್ಟಂಡಿಗೆ (ಲಿನಕ್ಸ್ ಯಂತ್ರದಲ್ಲಿ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಂ) ತಿಳಿಸಲಿ ಎಂದು ಡೆಬಿಯನ್, ಫೆಡೋರಾದವರು ಸಿಸ್ಟಂಡಿಯ ಲೈಬ್ರರಿಯನ್ನು ಅದಕ್ಕೆ ಜೋಡಿಸಿದ್ದರು. ಆ ಲೈಬ್ರರಿ ಬೇರೆ ಯಾವುದೋ ಕೆಲಸಕ್ಕೆ ಎಕ್ಸ್‌ಝಡ್ ಅನ್ನು ಎಳೆದುಕೊಂಡು ಬರುತ್ತಿತ್ತು. ಒಂದು ಚಿಕ್ಕ ಸಂದೇಶ ಕಳಿಸಲು ತೆರೆದ ದಾರಿಯಲ್ಲಿ ಕಳ್ಳ ನಡೆದು ಬಂದ.

ಸಿಕ್ಕಿಬಿದ್ದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಕೈಗೆ. ಡೆಬಿಯನ್‌ನ, ಇನ್ನೂ ಅಂತಿಮಗೊಳ್ಳದ “ಸಿಡ್” ಆವೃತ್ತಿಯಲ್ಲಿ ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿತ್ತು. ಅವರು ಅದನ್ನು ಹಾಗೇ ಬಿಡಲಿಲ್ಲ, ಬೆನ್ನು ಹತ್ತಿದರು. 2024ರ ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದರು. ಆ ಆವೃತ್ತಿಗಳು ಹೆಚ್ಚಿನ ಸರ್ವರ್‌ಗಳಿಗೆ ಇನ್ನೂ ಹೋಗಿರಲಿಲ್ಲ.

ಇದೇ ಕಥೆಯಲ್ಲಿ ಒಂದು ಚುಕ್ಕೆ ಇದೆ. ಎಕ್ಸ್‌ಝಡ್ ಬಿಲ್ಡ್ ಆಗುವಾಗ, ಯಂತ್ರದಲ್ಲಿ ಲ್ಯಾಂಡ್‌ಲಾಕ್ ಎಂಬ ರಕ್ಷಣೆ ಇದೆಯೇ ಎಂದು ನೋಡಲು ಪುಟ್ಟ ಸಿ ಪ್ರೋಗ್ರಾಂ ಒಂದನ್ನು ಕಂಪೈಲ್ ಮಾಡಿ ನೋಡುವ ವಿಧಾನ ಇತ್ತು. ಅದರ ನಡುವೆ ಖಾಲಿ ಇರಬೇಕಿದ್ದ ಸಾಲಿನಲ್ಲಿ ಒಂದೇ ಒಂದು ಚುಕ್ಕೆ ಸೇರಿಸಿದ್ದರು. ಚುಕ್ಕೆ ಇದ್ದರೆ ಕಂಪೈಲ್ ಆಗಲ್ಲ. ಕಂಪೈಲ್ ಆಗದಿದ್ದರೆ “ಲ್ಯಾಂಡ್‌ಲಾಕ್ ಇಲ್ಲ” ಎಂದುಕೊಂಡು ರಕ್ಷಣೆ ಆಫ್ ಆಗುತ್ತದೆ. ಪರದೆಯ ಮೇಲಿನ ಧೂಳು ಅಂದುಕೊಂಡು ಯಾರೂ ದಾಟಿಹೋಗಬಹುದಾದ ಚುಕ್ಕೆ.

ಟ್ಯಾಬ್ ಜಗಳ ಅರ್ಥವಾಗಬೇಕಾದರೆ ಈ ಚುಕ್ಕೆಯನ್ನು ನೆನಪಿಡಿ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಟ್ಯಾಬ್ ಎಂದರೆ 8 ಅಕ್ಷರದ ಅಗಲ. ಮೂರು ಹಂತಕ್ಕಿಂತ ಒಳಗೆ ಹೋದರೆ ಕೋಡನ್ನೇ ತಿದ್ದಿ ಎನ್ನುತ್ತದೆ ಅವರ ನಿಯಮ. ಗ್ನೂ ಎಂಬ ಇನ್ನೊಂದು ಪ್ರಾಜೆಕ್ಟ್‌ನ ಶೈಲಿಯಲ್ಲಿ ಎರಡೆರಡು ಸ್ಪೇಸ್. ಕರ್ನಲ್‌ನವರ ಶೈಲಿ ಪುಟ ಗ್ನೂ ನಿಯಮಗಳನ್ನು ಪ್ರಿಂಟ್ ತೆಗೆದು, ಓದದೆ ಸುಟ್ಟುಹಾಕಿ ಎಂದೇ ಹೇಳುತ್ತದೆ. ಎರಡರಲ್ಲಿ ಯಾವುದಾದರೂ ನನಗೆ ಅಡ್ಡಿಯಿಲ್ಲ, ಒಂದು ಪ್ರಾಜೆಕ್ಟ್‌ನಲ್ಲಿ ಒಂದೇ ಇರಬೇಕು ಅಷ್ಟೆ. ಪ್ಯಾಚ್‌ನಲ್ಲಿ, ಅಂದರೆ ಕೋಡ್ ಬದಲಾವಣೆಯ ಪಟ್ಟಿಯಲ್ಲಿ, ನೂರು ಸಾಲು ಸುಮ್ನೆ ಸ್ಪೇಸ್ ಬದಲಾದದ್ದಕ್ಕೆ ಬಣ್ಣ ಬದಲಿಸಿದ್ದರೆ, ನಿಜವಾಗಿ ಬದಲಾದ ಒಂದು ಸಾಲು ಅದರಲ್ಲಿ ಕಳೆದುಹೋಗುತ್ತದೆ. 2014ರಲ್ಲಿ ಆ್ಯಪಲ್‌ನ ಭದ್ರತಾ ಕೋಡ್‌ನಲ್ಲಿ “ಗೋಟು ಫೇಲ್” ಎಂಬ ಸಾಲು ಅಪ್ಪಿತಪ್ಪಿ ಎರಡು ಸಲ ಬಂದಿದ್ದು ಗೊತ್ತಾಯಿತು. ಮೇಲಿನ ಷರತ್ತಿಗೆ ಆವರಣ ಹಾಕಿರಲಿಲ್ಲ, ಹಾಗಾಗಿ ಸಹಿ ಪರಿಶೀಲನೆಯೇ ತಪ್ಪಿಹೋಯಿತು. ಅದೇ ವರ್ಷ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನವರು ಓಪನ್‌ಎಸ್‌ಎಸ್‌ಎಲ್‌ನಿಂದ ಲಿಬ್ರೆಎಸ್‌ಎಸ್‌ಎಲ್ ಕವಲು ತೆಗೆದರು. ಮೊದಲ ವಾರದಲ್ಲೇ 90,000ಕ್ಕೂ ಹೆಚ್ಚು ಸಾಲು ಕಿತ್ತುಹಾಕಿದರು, ಉಳಿದದ್ದನ್ನು ತಮ್ಮ ಶೈಲಿಗೆ ತಂದುಕೊಂಡರು. ತಮ್ಮ ಕಣ್ಣಿಗೆ ಒಗ್ಗಿದ ರೂಪದಲ್ಲಿ ಇದ್ದರೆ ತಾನೇ ಓದಲು ಆಗುವುದು?

ಎಕ್ಸ್‌ಝಡ್ ಆದ ಮೇಲೆ ಓಪನ್‌ಎಸ್‌ಎಸ್‌ಎಚ್‌ನವರು 9.8 ಆವೃತ್ತಿಯಲ್ಲಿ ಆ ಚಿಕ್ಕ ಸಂದೇಶ ಕಳಿಸುವ ಕೋಡನ್ನು ತಾವೇ ಬರೆದುಕೊಂಡರು. ಅದಕ್ಕಾಗಿ ಇಡೀ ಲೈಬ್ರರಿ ಎಳೆಯಬೇಕಾಗಿಲ್ಲ. ಹಾರ್ಫ್‌ಬಜ್ ಮಾಡುವ ಕೆಲಸವನ್ನು ಯಾರೂ ಹಾಗೆ ಒಂದು ಸಂಜೆಯಲ್ಲಿ ಬರೆದುಕೊಳ್ಳಲು ಆಗದು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಾನು ನೋಡುವುದು ಹೀಗೆ.

ಓಕ್ಯುಲರ್ ಕೇಳಿದವರಿಗೆ: ಗ್ನೋಮ್ ಇದ್ದರೆ ಅದರ ಜೊತೆಗೇ ಬರುವ ಪಿಡಿಎಫ್ ಪ್ರೋಗ್ರಾಂ ಒಮ್ಮೆ ನೋಡಿ, ಹೆಚ್ಚಿನವರಿಗೆ ಅದು ಸಾಕು. ಪುಟದ ಪಕ್ಕ ಟಿಪ್ಪಣಿ ಬರೆದುಕೊಂಡು ಓದುವ ಅಭ್ಯಾಸ ಇದ್ದರೆ ಓಕ್ಯುಲರ್ ಹಾಕಿಕೊಳ್ಳಿ. ಆ ಪಟ್ಟಿ ಬಂದಾಗ ಒಂದು ನಿಮಿಷ ಓದಿ, ಆಮೇಲೆ ಹೂಂ ಅನ್ನಿ.