ಚೀನಾದ ಗುವಾಂಗ್‌ಝೌನ ಕಂಬಸಾಲಿನ ಪೇಟೆಯಲ್ಲಿ ಅಡ್ಡಾಡುವುದು ಹೇಗೆ?

ಮೆಟ್ರೊ 1ನೇ ಮಾರ್ಗದ ಚಾಂಗ್‌ಶೌ ಲು ನಿಲ್ದಾಣದಲ್ಲಿ ಇಳಿದರೆ ಈ ಪೇಟೆಯಿರುವ ಶಾಂಗ್‌ಶಿಯಾಜಿಯು ಬೀದಿ ನಡೆದು ಹೋಗುವಷ್ಟೇ ದೂರ. ಇಲ್ಲಿನ ಕಟ್ಟಡಗಳಿಗೆ ಚಿಲೌ ಎನ್ನುತ್ತಾರೆ, ಅಂದರೆ ಸವಾರಿ ಕೂತ ಮನೆ. ಮೇಲಿನ ಮಹಡಿಗಳು ಕಂಬಗಳ ಮೇಲೆ ನಿಂತು ಫುಟ್‌ಪಾತಿಗೆ ಸೂರಾಗುತ್ತವೆ, ಅಂಗಡಿ ಬಾಗಿಲು ಒಳಕ್ಕೆ ಸರಿದಿರುತ್ತದೆ. ಹಾಗಾಗಿ ಜೂನ್ ತಿಂಗಳ ಜಡಿಮಳೆಯಲ್ಲೂ ಹೆಚ್ಚು ನೆನೆಯದೆ ಅಂಗಡಿ ಸುತ್ತಬಹುದು.

ಕಂಬಗಳಡಿಯಲ್ಲೇ ನಡೆದವರಿಗೆ ಬೋರ್ಡುಗಳಷ್ಟೇ ಕಾಣುತ್ತವೆ. ಎದುರು ಬದಿಗೆ ದಾಟಿ ತಲೆಯೆತ್ತಿ: ಗಾರೆಯ ಹೂಬಳ್ಳಿ, ಬಣ್ಣದ ಗಾಜಿನ ಕಿಟಕಿ, ಅಲ್ಲಲ್ಲಿ ಪಾಚಿಗಟ್ಟಿದ ಕೈಪಿಡಿಗೋಡೆ. ಸಂಜೆ ನೂಕುನುಗ್ಗಲು, ಇದಕ್ಕೆ ಬೆಳಗಿನ ಹೊತ್ತೇ ಸರಿ.

ಸಿಹಿ ಅಂಗಡಿಗಳ ಹೆಸರಾಂತ ಹಾಲಿನ ಸಿಹಿ ಶುವಾಂಗ್‌ಪಿನಾಯ್‌ಗೆ ಮೊಟ್ಟೆಯ ಬಿಳಿ ಸೇರುತ್ತದೆ. ಮೊಟ್ಟೆ ತಿನ್ನದವರು ಶುಂಠಿ ಹಾಲು ಕೇಳಿ. ಹಸಿಶುಂಠಿ ರಸದ ಮೇಲೆ ಸುಮಾರು 70 ಡಿಗ್ರಿಯ ಸಿಹಿ ಹಾಲು ಸುರಿದರೆ ಕೆಲವೇ ನಿಮಿಷದಲ್ಲಿ ಮೊಸರಿನಂತೆ ಹೆಪ್ಪಾಗುತ್ತದೆ. ಕುದಿಯುವ ಹಾಲು ಹಾಕಿದರೆ ಶುಂಠಿಯ ಕಿಣ್ವ ಕೆಟ್ಟು ಹೆಪ್ಪುಗಟ್ಟುವುದಿಲ್ಲ. ಕೊಟ್ಟ ಕೂಡಲೇ ಚಮಚ ಆಡಿಸಬೇಡಿ, ನೀರೊಡೆಯುತ್ತದೆ.

ಹತ್ತಿರದ ಓಣಿಯಲ್ಲಿ ಹುವಾಲಿನ್ ದೇಗುಲವಿದೆ. ದಕ್ಷಿಣ ಭಾರತದಿಂದ ಬಂದ ಬೌದ್ಧ ಭಿಕ್ಷು ಬೋಧಿಧರ್ಮ ದಡ ಸೇರಿದ್ದು ಇಲ್ಲೇ ಎಂಬ ಪ್ರತೀತಿ. ನಾವು ತಪ್ಪಿಸಬಾರದ ಜಾಗ.

ಹಣದ ವಿಷಯ: ಊರು ಬಿಡುವ ಮುನ್ನವೇ ಅಲ್ಲಿನ ಮೊಬೈಲ್ ಪಾವತಿ ಆ್ಯಪ್ ಅಲಿಪೇಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ, ಬ್ಯಾಂಕ್ ಆ್ಯಪಿನಲ್ಲಿ ವಿದೇಶಿ ವಹಿವಾಟು ತೆರೆದಿಡಿ. ರೋಮಿಂಗ್ ಇಲ್ಲದ ಸಿಮ್‌ಗೆ ಒಟಿಪಿ ಬರುವುದಿಲ್ಲ, ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಸ್ವಲ್ಪ ಚಿಲ್ಲರೆ ಯುವಾನ್ ನೋಟೂ ಜೇಬಿನಲ್ಲಿರಲಿ.