ಟೇಪ್ ಜೊತೆ ಗೋಡೆಯ ಪುಟ್ಟಿಯೂ ಬಂತು

ಮೈಸೂರಿನ ಅಗ್ರಹಾರದಲ್ಲಿ ಒಂದು ಹಳೇ ಮನೆ. ಗಾರೆ ಗೋಡೆ, ಅದರ ಮೇಲೆ ವರ್ಷ ವರ್ಷ ಬಳಿದ ಸುಣ್ಣ, ಕೆಳಗಿನ ಮೂರಡಿ ಆಯಿಲ್ ಪೇಂಟ್. ಬಣ್ಣ ಹೊಡೆಯುವ ಕೆಲಸ ನಾನು ಹಿಡಿದಿದ್ದೆ. ಆ ಮನೆಯವರ ಮಗಳ ಮದುವೆಗೆ ಹನ್ನೆರಡೇ ದಿನ ಉಳಿದಿತ್ತು.

ಮೊದಲ ದಿನವೇ ನಮ್ಮ ಹಿರಿಯ ಕೆಲಸಗಾರರು ಗೋಡೆ ಮೇಲೆ ಅಂಗೈ ಉಜ್ಜಿ ತೋರಿಸಿದರು. ಕೈ ತುಂಬ ಬಿಳಿ ಪುಡಿ. "ಇದನ್ನ ಪೂರ್ತಿ ಕೆರೀಬೇಕಪ್ಪ. ಪುಟ್ಟಿ ನಿಲ್ಲಲ್ಲ" ಅಂದರು. ಪುಟ್ಟಿ ಅಂದರೆ ಬಣ್ಣಕ್ಕೆ ಮೊದಲು ಗೋಡೆ ನಯ ಮಾಡಲು ಎಳೆಯುವ ಲೇಪ. ನಾನು ಒಪ್ಪಲಿಲ್ಲ. ಎಮೆರಿ ಕಾಗದದಲ್ಲಿ ಉಜ್ಜಿ, ಹಿಡಿತಕ್ಕೆ ಅಡಿಯಲ್ಲಿ ಬಳಿಯುವ ಪ್ರೈಮರ್ ಕೊಟ್ಟರೆ ಸಾಕು ಅಂದೆ. ನನ್ನ ತಲೆ ತುಂಬ ಮದುವೆ ತಾರೀಖೇ ಇತ್ತು.

ಆರನೇ ದಿನ ಸಂಜೆ. ಪುಟ್ಟಿ ಎರಡು ಕೋಟ್ ಆಗಿ, ಮೇಲಿನ ಎಮಲ್ಷನ್ ಬಣ್ಣ ಒಂದು ಕೋಟ್ ಮುಗಿದಿತ್ತು. ಬಣ್ಣ ತಾಗದಿರಲೆಂದು ಬಾಗಿಲ ಪಕ್ಕ ಅಂಟಿಸಿದ್ದ ಮಾಸ್ಕಿಂಗ್ ಟೇಪ್ ಎಳೆದೆ. ಒಂದಡಿ ಚೆನ್ನಾಗಿ ಬಂತು. ಆಮೇಲೆ ಪಟ್ ಅಂತ ಸದ್ದು. ಟೇಪ್ ಜೊತೆ ಹಪ್ಪಳದ ಹಾಗೆ ಪುಟ್ಟಿಯೇ ಎದ್ದು ಬಂತು, ಮೊಳದಷ್ಟು ಉದ್ದ. ಕೆಳಗೆ ಹಳೇ ನೀಲಿ ಸುಣ್ಣ ಹಾಗೇ ಇತ್ತು. ಅಂಗೈಯಿಂದ ಒತ್ತಿ ಹಿಡಿದೆ. ಕೈ ತೆಗೆದರೆ ಬೀಳುತ್ತದೆ ಅಂತ ಗೊತ್ತಿತ್ತು. ಇನ್ನೊಂದು ಕೈಯಿಂದ ಪಕ್ಕದಲ್ಲಿ ಬಡಿದು ನೋಡಿದೆ. ಕಿಟಕಿವರೆಗೂ ಟೊಳ್ಳು ಸದ್ದು.

ಹಿಂದೆ ಯಜಮಾನರ ಹೆಂಡತಿ ಕಾಫಿ ಲೋಟ ಹಿಡಿದು ನಿಂತಿದ್ದರು. "ಇದು ಹೀಗೇ ಆಗುತ್ತಾ?" ಅಂತ ಕೇಳಿದರು. ಗೋಡೆಗೆ ತೇವ ಇದೆ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. "ತಪ್ಪು ನಂದೇ ಅಮ್ಮ, ಕೆರೆಯಬೇಕಿತ್ತು" ಅಂದೆ. ಅವರು ಲೋಟ ಕೆಳಗಿಟ್ಟು ಒಳಗೆ ಹೋದರು. ಆ ಮೌನ ಇವತ್ತಿಗೂ ಚುಚ್ಚುತ್ತದೆ.

ಪುಟ್ಟಿ ಒಣಗುವಾಗ ಬಿಗಿಯುತ್ತದೆ, ಮೇಲಿನ ಬಣ್ಣ ಇನ್ನಷ್ಟು ಎಳೆಯುತ್ತದೆ. ಅಡಿಯಲ್ಲಿ ಪುಡಿ ಇದ್ದರೆ ಹಿಡಿತ ಎಲ್ಲಿಂದ ಬರಬೇಕು? ಮೊದಲ ದಿನವೇ ಒಂದು ತುಂಡು ಟೇಪ್ ಅಂಟಿಸಿ ಎಳೆದಿದ್ದರೆ ಅದರ ಹಿಂಬದಿಗೆ ಅಂಟಿದ ಪುಡಿಯೇ ಹೇಳುತ್ತಿತ್ತು. ಎರಡು ನಿಮಿಷದ ಕೆಲಸ.

ಆ ರಾತ್ರಿಯೇ ನೀರು ಚಿಮುಕಿಸಿ ಗಾರೆ ಸಿಗುವವರೆಗೆ ಕೆರೆದೆವು. ಹಿರಿಯರು ಒಂದು ಮಾತೂ ಆಡಲಿಲ್ಲ, ತಮ್ಮ ಕೆರೆಯುವ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಹುಡುಗರು ಆಯಿಲ್ ಪೇಂಟನ್ನು ಒಣಗಿದ್ದ ಹಾಗೇ ಉಜ್ಜಲು ಹೊರಟಾಗ ಅವರೇ ತಡೆದರು. ಬಣ್ಣದಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಳೇ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು, ಅದರ ದೂಳು ಎದೆಗೆ ಹೋಗಬಾರದು. ಒದ್ದೆ ಮಾಡಿ, ಮಾಸ್ಕ್ ಹಾಕಿ ಉಜ್ಜಿಸಿದೆವು. ಈ ಸಲ ಎರಡೂ ಕೋಟ್ ಸೇರಿ ಒಂದೂವರೆ ಮಿಲಿಮೀಟರ್ ದಾಟದ ಹಾಗೆ ಪುಟ್ಟಿ ಎಳೆದೆವು. ಚಪ್ಪರ ಹಾಕುವ ಹಿಂದಿನ ದಿನ ಕೆಲಸ ಮುಗಿಯಿತು. ಹೆಚ್ಚಿನ ಕೂಲಿ ನನ್ನ ಕೈಯಿಂದಲೇ ಹೋಯಿತು.

ನಮ್ಮಲ್ಲಿ ಎಲ್ಲರೂ ಚದರಡಿಗೆ ಎಷ್ಟು, ಎಷ್ಟು ಕೋಟ್ ಅಂತಲೇ ಕೇಳುತ್ತಾರೆ. ಕೆರೆಯುವುದಕ್ಕೆ ಎಸ್ಟಿಮೇಟ್‌ನಲ್ಲಿ ಜಾಗವೇ ಇರುವುದಿಲ್ಲ. ನಾನೀಗ ಅದನ್ನು ಬೇರೆ ಸಾಲಿನಲ್ಲಿ, ಎಲ್ಲಕ್ಕಿಂತ ಮೊದಲು ಬರೆಯುತ್ತೇನೆ. ರೇಟು ಜಾಸ್ತಿ ಆಯ್ತು ಅಂತ ಮೂರು ಮನೆಯವರು ಬೇರೆಯವರಿಗೆ ಕೆಲಸ ಕೊಟ್ಟರು. ಕೊಡಲಿ.